ಹತ್ತಿಕಾಯಿಯ ಹುಳು ಮತ್ತು ಜಿಗಿಯುವ ಡಿಎನ್‌ಎ

ಕೆಲವು ವರ್ಷಗಳ ಹಿಂದೆ ನವಲಗುಂದದ ಕಡೆಯ ಎರೆಹೊಲವೊಂದರಲ್ಲಿ ಹಿರಿಯ ರೈತರೊಬ್ಬರು ಹೊರಗೆ ಕಲೆಯೇ ಕಾಣದ ಹತ್ತಿಕಾಯಿಯನ್ನು ಕಿತ್ತು, ಉಗುರಿನಿಂದ ಸೀಳಿ, ಅಂಗೈ ಮೇಲಿಟ್ಟು ನನಗೆ ತೋರಿಸಿದರು. ಒಳಗಿನ ಅರಳೆ ಕಂದಿ ಗಟ್ಟಿಯಾಗಿತ್ತು. ಒಂದಕ್ಕೊಂದು ಅಂಟಿದ ಎರಡು ಬೀಜಗಳ ನಡುವೆ ಗುಲಾಬಿ ಕಾಯಿಕೊರಕ ಮೈ ಮುದುರಿಕೊಂಡಿತ್ತು. "ಬಿಟಿಗೂ ರೂಢಿ ಆಗ್ಯಾವ್ರಿ ಹುಳಾ, ಔಷಧಕ್ಕೂ ರೂಢಿ ಆಗ್ಯಾವು" ಎಂದರು. ಬಿಟಿ ಎಂದರೆ ಮಣ್ಣಿನ ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿಸಿ, ಕಾಯಿಕೊರಕವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಮಾಡಿದ ಹತ್ತಿ. ಗದಗ, ಹಾವೇರಿಯ ಕಡೆಯೂ ಇದೇ ಮಾತು ಕೇಳಿದ್ದೇನೆ. ಅವರ ನಷ್ಟ ನಿಜ. ಆದರೆ ‘ರೂಢಿ’ ಎಂಬ ಪದವನ್ನು ನಾವು ಕೈಬಿಡಬೇಕೆಂಬುದು ನನ್ನ ವಾದ.

ಯಾವ ಹುಳುವೂ ವಿಷವನ್ನು ಅರಗಿಸಿಕೊಳ್ಳಲು ಕಲಿತು ಮರಿಗಳಿಗೆ ಕಲಿಸುವುದಿಲ್ಲ. ಸಾವಿರಾರು ಹುಳುಗಳ ನಡುವೆ ಯಾವುದೋ ಒಂದರ ಡಿಎನ್‌ಎಯಲ್ಲಿ ಬದಲಾವಣೆ ಆಗಿರುತ್ತದೆ, ಉಳಿದವು ಸತ್ತಾಗ ಅದರ ಸಂತತಿ ಹೊಲ ತುಂಬುತ್ತದೆ. ಆ ಬದಲಾವಣೆಯನ್ನು ಎಷ್ಟೋ ಸಲ ತರುವುದು ಡಿಎನ್‌ಎಯಲ್ಲಿ ಜಾಗದಿಂದ ಜಾಗಕ್ಕೆ ಜಿಗಿಯುವ ತುಣುಕುಗಳು. ಅಮೆರಿಕದ ವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಗೋವಿನಜೋಳದ ಕಾಳಿನ ಬಣ್ಣಬಣ್ಣದ ಮಚ್ಚೆಗಳ ಕಾರಣ ಹುಡುಕುತ್ತ ಇವನ್ನು ಕಂಡರು. 1983ರಲ್ಲಿ ನೊಬೆಲ್ ಬಂತು.

ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ಹಣ್ಣುನೊಣದ ಉದಾಹರಣೆ ನೋಡಿ. ವಿಷವನ್ನು ಒಡೆಯುವ ಕಿಣ್ವವನ್ನು ತಯಾರಿಸುವ ಸಿವೈಪಿ6ಜಿ1 ಎಂಬ ವಂಶವಾಹಿ ಅದರಲ್ಲಿದೆ. ಆ ವಂಶವಾಹಿಯ ಪಕ್ಕದಲ್ಲೇ ‘ಅಕಾರ್ಡ್’ ಎಂಬ ಜಿಗಿಯುವ ತುಣುಕು ಬಂದು ಕುಳಿತದ್ದರಿಂದ ಕಿಣ್ವದ ಉತ್ಪಾದನೆ ಏರಿ, ನೊಣಕ್ಕೆ ಡಿಡಿಟಿಯನ್ನು ತಡೆಯುವ ಶಕ್ತಿ ಬಂತೆಂದು 2002ರಲ್ಲಿ ಪ್ರಕಟವಾಯಿತು. ಅದೇ ನೊಣ ಇಮಿಡಾಕ್ಲೋಪ್ರಿಡ್ ಎಂಬ ಬೇರೆಯೇ ಕೀಟನಾಶಕವನ್ನೂ ತಾಳಿಕೊಳ್ಳುತ್ತದೆ. ಡಬ್ಬಿಯ ಹೆಸರು ಬದಲಾದ ಮಾತ್ರಕ್ಕೆ ಕೀಟದ ಪಾಲಿಗೆ ವಿಷ ಹೊಸದಾಗುವುದಿಲ್ಲ ಎಂಬುದನ್ನು ನಮ್ಮ ಔಷಧದಂಗಡಿಗಳಲ್ಲಿ ಯಾರಾದರೂ ಹೇಳಬೇಕು.

ಹಾಗೆಂದು ಕೀಟವು ಬೇಕೆಂದೇ ಈ ತುಣುಕುಗಳನ್ನು ಕರೆಸಿಕೊಳ್ಳುತ್ತದೆ ಎಂದಲ್ಲ. ಕಾವು ತಟ್ಟಿದೊಡನೆ ಜೀವಕೋಶವನ್ನು ಕಾಯಲು ಕೆಲಸಕ್ಕಿಳಿಯಬೇಕಾದ ಎಚ್‌ಎಸ್‌ಪಿ70 ವಂಶವಾಹಿಗಳ ಸುತ್ತಲಿನ ಡಿಎನ್‌ಎ ಹಗಲಿರುಳು ಬಾಗಿಲು ತೆರೆದಿಟ್ಟ ಮನೆಯಂತೆ ಸಡಿಲವಾಗಿಯೇ ಇರುತ್ತದೆ. ಆದ್ದರಿಂದ ಜಿಗಿಯುವ ತುಣುಕುಗಳು ಅಲ್ಲಿ ಸುಲಭವಾಗಿ ನುಗ್ಗುತ್ತವೆ. ನುಗ್ಗಿದ ಮೇಲೆ ಹಣ್ಣುನೊಣದ ತಾಪ ತಾಳುವ ಶಕ್ತಿ ಕುಗ್ಗಿದ್ದೂ ಉಂಟು.

ಈಗ ಆ ಹತ್ತಿಕಾಯಿಗೆ ಬರುತ್ತೇನೆ. ಬಿಟಿ ವಿಷ ಕೆಲಸ ಮಾಡಬೇಕಾದರೆ ಹುಳುವಿನ ಕರುಳಿನಲ್ಲಿರುವ ಕ್ಯಾಡ್‌ಹೆರಿನ್ ಎಂಬ ಪ್ರೋಟೀನಿಗೆ ಅಂಟಬೇಕು. ಚೀನಾದ ಗುಲಾಬಿ ಕಾಯಿಕೊರಕದಲ್ಲಿ ಜಿಗಿಯುವ ತುಣುಕೊಂದು ಈ ಪ್ರೋಟೀನಿನ ವಂಶವಾಹಿಯೊಳಗೇ ನುಗ್ಗಿ ಅದನ್ನು ಕೆಡಿಸಿದ್ದು 2019ರಲ್ಲಿ ವರದಿಯಾಯಿತು. ಇಲ್ಲಿ ಶಕ್ತಿ ಹೆಚ್ಚಲಿಲ್ಲ, ವಿಷ ಹಿಡಿಯುವ ಕೊಂಡಿಯೇ ಮುರಿಯಿತು. ತಂದೆ, ತಾಯಿ ಇಬ್ಬರಿಂದಲೂ ಆ ವಂಶವಾಹಿಯ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಹುಳು ಬದುಕುತ್ತದೆ. ಒಂದು ಒಳ್ಳೆಯ ಪ್ರತಿಯಿದ್ದರೂ ಬಿಟಿ ಅದನ್ನು ಕೊಲ್ಲುತ್ತದೆ. ಹಣ್ಣುನೊಣದಲ್ಲಾದರೋ ಅಕಾರ್ಡ್ ಇರುವ ಒಂದೇ ಪ್ರತಿ ಸಾಕು.

ಎರಡನ್ನೂ ‘ರೂಢಿ’ ಎಂದುಬಿಟ್ಟರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಬಿಟಿ ಹತ್ತಿಯ 450 ಗ್ರಾಂ ಬೀಜದ ಜೊತೆ 120 ಗ್ರಾಂನ ಸಾದಾ ಬೀಜದ ಪೊಟ್ಟಣ ಕೊಡುತ್ತಿದ್ದುದು ಇದಕ್ಕಾಗಿಯೇ: ಹೊಲದ ಅಂಚಿನ ಸಾದಾ ಹತ್ತಿಯಲ್ಲಿ ಬೆಳೆದ ಪತಂಗ, ಬಿಟಿಯಲ್ಲಿ ಬದುಕುಳಿದ ಪತಂಗದೊಡನೆ ಕೂಡಿ, ಮರಿಗಳಿಗೆ ಆ ಒಂದು ಒಳ್ಳೆಯ ಪ್ರತಿಯನ್ನು ದಾಟಿಸಲಿ ಎಂದು. ಆ ರೈತರಿಗೆ ಪೊಟ್ಟಣ ಕೊಟ್ಟವರು ಇಷ್ಟನ್ನು ಹೇಳಿರಲಿಲ್ಲ. ರೈತರು ಆ ಬೀಜವನ್ನು ಬಿತ್ತಿರಲಿಲ್ಲ.