ತಲೆ ಆಪರೇಷನ್‌ಗೆ ಹೋಗೋ ಮುಂಚೆ ಮನೆ ಭಾಷೆ ಯಾವ್ದು ಅಂತ ಹೇಳಿ

ನಮಸ್ಕಾರ ಎಲ್ರಿಗೂ, ಶಿಡ್ಲಘಟ್ಟದಿಂದ ಮಾತಾಡ್ತಿದೀನಿ. ಪೇಷಂಟ್ ಎಚ್ಚರ ಇರೋವಾಗ್ಲೇ, ಮಾತಾಡಿಸ್ತಾ ಮಾತಾಡಿಸ್ತಾ ಮಿದುಳು ಆಪರೇಷನ್ ಮಾಡೋ ವಿಡಿಯೋಗಳು ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ನೋಡಿ ಆಶ್ಚರ್ಯಪಟ್ಟು ಫಾರ್ವರ್ಡ್ ಮಾಡ್ತೀವಿ, ಆದ್ರೆ ಆ ಪೇಷಂಟ್ ಯಾವ ಭಾಷೇಲಿ ಮಾತಾಡ್ತಿದಾರೆ ಅಂತ ಯಾರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ.

ಎಚ್ಚರ ಯಾಕಿಡ್ತಾರೆ ಅಂದ್ರೆ, ಮಿದುಳಿಗೆ ನೋವೇ ಗೊತ್ತಾಗಲ್ಲ, ನೋವಾಗೋದು ತಲೆ ಚರ್ಮಕ್ಕೆ ಮತ್ತೆ ಒಳಗಿರೋ ಪೊರೆಗೆ, ಅದಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಡ್ತಾರೆ. ಗಡ್ಡೆ ಮಾತಿನ ಜಾಗದ ಪಕ್ಕದಲ್ಲೇ ಇದ್ರೆ ಡಾಕ್ಟರು ಮಿದುಳಿನ ಮೇಲೆ ಒಂದೊಂದೇ ಕಡೆ ಸಣ್ಣ ಕರೆಂಟ್ ಮುಟ್ಟಿಸ್ತಾ ಹೋಗ್ತಾರೆ, ಅದೇ ಹೊತ್ತಿಗೆ ಒಬ್ರು ಚಿತ್ರ ತೋರಿಸಿ ಇದೇನು ಅಂತ ಕೇಳ್ತಾರೆ. ಹೆಸರು ಬಾಯಿಗೆ ಬರ್ದೇ ನಿಂತೋಯ್ತು ಅಂದ್ರೆ ಆ ಜಾಗಕ್ಕೊಂದು ನಂಬರ್ ಚೀಟಿ, ಅಲ್ಲಿ ಕತ್ತರಿ ಹಾಕಂಗಿಲ್ಲ. ಕೆನಡಾದ ಮಾಂಟ್ರಿಯಲ್‌ನ ಮಿದುಳಿನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲೇ ಹಿಂಗೆ ಚೀಟಿ ಇಟ್ಟು ಮಾಡ್ತಿದ್ರು. ಕರೆಂಟಿಗೆ ಮಧ್ಯದಲ್ಲೇ ಫಿಟ್ಸ್ ಬಂದ್ರೆ ಐಸ್‌ನಂಥ ತಣ್ಣನೆ ನೀರು ಮಿದುಳಿನ ಮೇಲೆ ಹಾಕಿ ನಿಲ್ಲಿಸ್ತಾರೆ, ಅಷ್ಟು ಸೂಕ್ಷ್ಮದ ಕೆಲಸ.

ಈಗ ನಮ್ಮ ಕಡೆ ವಿಷಯಕ್ಕೆ ಬರ್ತೀನಿ. 1978ರಲ್ಲಿ ಓಜೆಮನ್, ವಿಟೇಕರ್ ಅಂತ ಇಬ್ರು ಸಂಶೋಧಕರು, ಎರಡೆರಡು ಭಾಷೆ ಬರೋ ಇಬ್ರು ಪೇಷಂಟ್‌ಗಳಲ್ಲಿ ಇದನ್ನ ಟೆಸ್ಟ್ ಮಾಡಿ ಬರೆದ್ರು: ಕೆಲವು ಜಾಗ ಮುಟ್ಟಿದ್ರೆ ಎರಡೂ ಭಾಷೆ ನಿಲ್ಲುತ್ತೆ, ಕೆಲವು ಕಡೆ ಒಂದು ನಿಂತು ಇನ್ನೊಂದು ಸಲೀಸಾಗಿ ನಡೀತಿರುತ್ತೆ. ಅಂದ್ರೆ ಒಂದೇ ಭಾಷೇಲಿ ಟೆಸ್ಟ್ ಮಾಡಿದ್ರೆ ಇನ್ನೊಂದಕ್ಕೆ ಕಾವಲೇ ಇಲ್ಲ! ನಮ್ಮೂರ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಬೆಳಿಗ್ಗೆ ಬಂದು ನೋಡಿ, ರೈತರು ಮನೇಲಿ ತೆಲುಗು, ಗೂಡಿಂದ ನೂಲು ತೆಗೆಯೋ ರೀಲರ್‌ಗಳು ಉರ್ದು, ಚೀಟಿ ಬರೆಯೋದು ಕನ್ನಡ, ಒಂದೇ ಬಾಯಲ್ಲಿ ಮೂರೂ ಓಡ್ತಿರುತ್ತೆ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ ಎಲ್ಲಾ ಕಡೆ ಇದೇ ಕತೆ.

ನಮ್ಮ ಮಾವನಿಗೆ ಮಿದುಳಿನ ಎಡಗಡೆ ಗಡ್ಡೆ ಆಗಿ ಬೆಂಗಳೂರಿನ ಒಂದು ಆಸ್ಪತ್ರೇಲಿ ಎಚ್ಚರದ ಆಪರೇಷನ್ ಆಯ್ತು. ಫಾರಂ ತುಂಬಿದ್ದು ನಾನು. ಮಾತೃಭಾಷೆ ಅನ್ನೋ ಕಡೆ ಕನ್ನಡ ಅಂತ ಬರೆದೆ, ಶಾಲೆ ಫಾರಂನಿಂದ ಹಿಡಿದು ಎಲ್ಲಾ ಕಡೆ ಹಂಗೇ ಬರೆದು ಅಭ್ಯಾಸ. ಅವ್ರೂ ಮತ್ತೆ ಕೇಳ್ಲಿಲ್ಲ. ಆಪರೇಷನ್ ಚೆನ್ನಾಗೇ ಆಯ್ತು, ವಾರ್ಡಲ್ಲಿ ಮಾವ ಡಾಕ್ಟರ್ ಜೊತೆ ಕನ್ನಡದಲ್ಲಿ ಚೆನ್ನಾಗೇ ಮಾತಾಡಿದ್ರು, ನಾವೆಲ್ಲ ಖುಷಿಯಾದ್ವಿ. ಮನೆಗೆ ಬಂದ ದಿನ ಸಾಯಂಕಾಲ ಕೊಟ್ಟಿಗೆ ಹತ್ರ ನಿಂತು ಹಸು ಕಡೆ ಕೈ ತೋರಿಸಿ ಅತ್ತೆಗೆ ಏನೋ ಹೇಳೋಕೆ ಹೋದ್ರು, ಬಾಯಿ ತೆರೆದಂಗೇ ಇತ್ತು, ಹಸುವಿಗೆ ತೆಲುಗಲ್ಲಿ ಹೇಳೋ ಆವು ಅನ್ನೋ ಎರಡಕ್ಷರ ಬರ್ಲಿಲ್ಲ. ಆಮೇಲೆ "ಹಸು" ಅಂದ್ರು. ಅತ್ತೆ ಜೊತೆ ಮೂವತ್ತು ವರ್ಷದಲ್ಲಿ ಅವ್ರು ಕನ್ನಡ ಮಾತಾಡಿದ್ದೇ ಇಲ್ಲ. ಆಪರೇಷನ್ ಆದ್ಮೇಲೆ ಊತಕ್ಕೂ ಹಂಗಾಗಬಹುದು, ಆಸ್ಪತ್ರೆಯವ್ರ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ತೆಲುಗಲ್ಲೂ ಟೆಸ್ಟ್ ಮಾಡಿದ್ರೆ ಆ ಜಾಗ ಗೊತ್ತಾಗ್ತಿತ್ತೇನೋ ಅನ್ನೋದು ನನ್ನ ಮನಸ್ಸಿಂದ ಹೋಗ್ತಿಲ್ಲ.

ಅದಕ್ಕೇ ಕೇಳ್ಕೋತೀನಿ. ಫಾರಂನಲ್ಲಿ ಏನಾದ್ರೂ ಇರ್ಲಿ, ಡಾಕ್ಟರ್ ಹತ್ರ ಬಾಯಿಬಿಟ್ಟು ಹೇಳಿ: ಇವ್ರು ಲೆಕ್ಕ ಎಣಿಸೋದು ಈ ಭಾಷೇಲಿ, ಬೈಯೋದು ಈ ಭಾಷೇಲಿ, ಮೊಮ್ಮಕ್ಕಳನ್ನ ಕರೆಯೋದು ಈ ಭಾಷೇಲಿ. ತೆಲುಗು ಬರೋರು ಅಲ್ಲಿ ಯಾರಾದ್ರೂ ಇದಾರಾ ಅಂತ ಕೇಳಿ. ಆಸ್ಪತ್ರೆಯವ್ರೂ ಚಿತ್ರದ ಕಾರ್ಡಲ್ಲಿ ಪಿಯಾನೋ ಬದ್ಲು ರೇಷ್ಮೆಹುಳ ಗೂಡು ಕಟ್ಟೋ ಚಂದ್ರಿಕೆ ಇಡ್ಲಿ, ಟೊಮೊಟೊ ಕ್ರೇಟ್ ಇಡ್ಲಿ, ನಮ್ಮವ್ರು ಥಟ್ಟಂತ ಹೇಳೋವಂಥದ್ದು.

ಮಾವನಿಗೆ ತೆಲುಗು ವಾಪಸ್ ಬರ್ತಾ ಇದೆ, ನಿಧಾನಕ್ಕೆ. ಅತ್ತೆ ದಿನಾ ಸಾಯಂಕಾಲ ಕೊಟ್ಟಿಗೇಲಿ ಕೂರಿಸ್ಕೊಂಡು ಒಂದೊಂದೇ ಹೆಸರು ಹೇಳಿಸ್ತಾರೆ.