ಅಮ್ಮ ಗುನುಗಿದ ಡಿಸ್ಕೋ

ಕೇಳುಗರೆಲ್ಲರಿಗೂ ನಮಸ್ಕಾರ.

1982ರ ಬೇಸಿಗೆ ರಜೆ. ಮೈಸೂರಿನ ನಮ್ಮ ಮನೆಗೆ ಚಿಕ್ಕಪ್ಪ ಕುವೈತ್‌ನಿಂದ ಬಂದಿದ್ದರು. ಅವರ ಸೂಟ್‌ಕೇಸಿನಿಂದ ಒಂದು ಟೂ-ಇನ್-ಒನ್ ಹೊರಗೆ ಬಂತು. ರೇಡಿಯೋನೂ ಹೌದು, ಟೇಪ್ ರೆಕಾರ್ಡರೂ ಹೌದು. ಅದರ ಜೊತೆಗೆ ನಾಲ್ಕೈದು ಕ್ಯಾಸೆಟ್. ಅದರಲ್ಲೊಂದು ‘ಡಿಸ್ಕೋ ದೀವಾನೆ’.

ನಮ್ಮಮ್ಮ ಸಂಗೀತ ಪಾಠ ಹೇಳಿಕೊಡುತ್ತಿದ್ದರು. ಸಂಜೆಯಾದರೆ ನಡುಮನೆಯ ತುಂಬ ಮಕ್ಕಳು, ಸರಳೆವರಸೆ, ಜಂಟಿವರಸೆ. ಅದೇ ನಡುಮನೆಯಲ್ಲಿ ನಾನು ಆ ಕ್ಯಾಸೆಟ್ ಹಾಕಿದೆ. ಅಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಒಂದು ಹಾಡು ಪೂರ್ತಿ ಕೇಳಿದರು. “ಶ್ರುತಿ ಇದೆ ಕಣೋ. ಗಮಕ ಒಂದೂ ಇಲ್ಲ. ಪಕ್ಕದ್ಮನೆ ಹುಡುಗಿ ನೀರು ಹಾಕ್ಕೊಳ್ತಾ ಹಾಡಿದ ಹಾಗಿದೆ” ಅಂದು ಒಳಗೆ ಹೋದರು. ಗಮಕ ಅಂದರೆ ಸ್ವರವನ್ನು ಅಲುಗಿಸಿ, ಬಳುಕಿಸಿ ಹಾಡುವುದು. ಎರಡು ದಿನ ಕಳೆದಿತ್ತು. ಹುರುಳಿಕಾಯಿ ಸೋಸುತ್ತಾ ಕೂತಿದ್ದ ಅಮ್ಮ ಅದನ್ನೇ ಗುನುಗುತ್ತಿದ್ದರು.

ಅವತ್ತು ಅಮ್ಮ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಪಕ್ಕದ ಮನೆಯ ಹುಡುಗಿ ಹಾಡಿದ ಹಾಗೆ. ಈ ಆಲ್ಬಂ ಕೇಳಿದರೆ ಇವತ್ತಿಗೂ ಯಾಕೆ ಮನಸ್ಸು ಹಗುರಾಗುತ್ತದೆ ಅಂತ ಯೋಚಿಸಿದಾಗಲೆಲ್ಲ ನಾನು ಅಲ್ಲಿಗೇ ಬಂದು ನಿಲ್ಲುತ್ತೇನೆ.

ಹಾಡಿದವಳು ನಾಜಿಯಾ ಹಸನ್. ಹುಟ್ಟಿದ್ದು 1965ರಲ್ಲಿ, ಕರಾಚಿಯಲ್ಲಿ. ಓದುತ್ತಿದ್ದದ್ದು ಲಂಡನ್ನಿನಲ್ಲಿ. ಜೊತೆಗೆ ಹಾಡಿದವನು ತಮ್ಮ ಜೊಹೇಬ್. ಸಂಗೀತ ಕೊಟ್ಟವರು ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡವರು, ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ಬಿದ್ದು ಅವರ ಕಥೆ ಸ್ವಲ್ಪ ಹೇಳಲೇಬೇಕು. ಬೆಂಗಳೂರಿನಲ್ಲಿ ಗಿಟಾರ್ ಹಿಡಿದು, ಗೆಳೆಯರ ಜೊತೆ ‘ಟ್ರೋಜನ್ಸ್’ ಅಂತ ಬ್ಯಾಂಡ್ ಕಟ್ಟಿದ್ದ ಹುಡುಗ ಅವರು. ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಬಂತು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. ಅದನ್ನು ಸ್ಟುಡಿಯೋದಲ್ಲಿ ರೂಪಿಸಿದ್ದು ನಮ್ಮ ಬಿದ್ದು. ಡಿಸ್ಕೋ ಅನ್ನುವ ಹುಚ್ಚು ಯುರೋಪಿನಲ್ಲಿ ಹಬ್ಬಿದ ಕಾಲದಲ್ಲಿ ಅದನ್ನು ಹಬ್ಬಿಸಿದವರಲ್ಲಿ ಬೆಂಗಳೂರಿನವರೊಬ್ಬರು ಇದ್ದರು! ಇದನ್ನು ನಾವು ಜಾಸ್ತಿ ಹೇಳಿಕೊಂಡೇ ಇಲ್ಲ.

ಆಮೇಲೆ ಬಂದವರು ನಟ, ನಿರ್ದೇಶಕ ಫಿರೋಜ್ ಖಾನ್. ಇವರು ಹುಟ್ಟಿದ್ದೂ ಬೆಂಗಳೂರಿನಲ್ಲೇ. ಅವರು ಆಗ ‘ಕುರ್ಬಾನಿ’ ಚಿತ್ರ ಮಾಡುತ್ತಿದ್ದರು. ಲಂಡನ್ನಿನ ಒಂದು ಪಾರ್ಟಿಯಲ್ಲಿ ನಾಜಿಯಾಳನ್ನು ನೋಡಿದರು. ಬಿದ್ದು ಅವರ ಮುಂದೆ ಹಾಡಿಸಿದರು. ಹಾಗೆ ಹುಟ್ಟಿದ ಹಾಡು 1980ರಲ್ಲಿ ದೇಶವನ್ನೆಲ್ಲ ಕುಣಿಸಿತು. ಸ್ಟುಡಿಯೋದಲ್ಲಿ ಅವಳ ದನಿಯನ್ನು ಎರಡು ಸಲ ರೆಕಾರ್ಡ್ ಮಾಡಿ, ಒಂದರ ಮೇಲೊಂದು ಕೂರಿಸಿದ್ದರು. ಒಬ್ಬಳೇ ಹಾಡಿದರೂ ಅವಳ ನೆರಳೂ ಜೊತೆಯಲ್ಲಿ ಹಾಡಿದಂತೆ ಕೇಳುತ್ತದೆ. ಆ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಲತಾ, ಆಶಾ ಇಬ್ಬರೂ ಹಾಡುತ್ತಿದ್ದ ಕಾಲದಲ್ಲಿ, ಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳಿಗೆ.

ಅದಾದ ಮೇಲೆ 1981ರಲ್ಲಿ ‘ಡಿಸ್ಕೋ ದೀವಾನೆ’ ಬಂತು. ಈ ಸಲ ಸಿನಿಮಾ ಇರಲಿಲ್ಲ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಕಥೆ ಇಲ್ಲ. ಬರೀ ಹಾಡು.

ಸಿನಿಮಾ ಇಲ್ಲದ ಹಾಡು ನಮಗೆ, ಕನ್ನಡದವರಿಗೆ, ಹೊಸದೇನಲ್ಲ. 1978ರಲ್ಲೇ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಿತ್ತು. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ನಮ್ಮ ಮನೆಯಲ್ಲಿ ಅದು ತೇಯುವಷ್ಟು ಓಡಿತ್ತು. ಆದರೆ ಭಾವಗೀತೆಯನ್ನು ನಾವು ಕೂತು ಕೇಳುತ್ತಿದ್ದೆವು. ಕಣ್ಣು ಮುಚ್ಚಿ, ತಲೆದೂಗಿ ಕೇಳುತ್ತಿದ್ದೆವು. ‘ಡಿಸ್ಕೋ ದೀವಾನೆ’ ಹಾಕಿದರೆ ಕೂರೋಕೆ ಆಗುತ್ತಿರಲಿಲ್ಲ.

ಯಾಕೆ ಆಗುತ್ತಿರಲಿಲ್ಲ? ತಾಳದ ವಿಷಯ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ನಮ್ಮ ತಬಲಾ, ಢೋಲಕ್ ತಾಳದಲ್ಲಿ ಏರಿಳಿತ ಇರುತ್ತದೆ. ಒಂದು ಪೆಟ್ಟು ಭಾರ, ಒಂದು ಹಗುರ, ಮತ್ತೊಂದು ಖಾಲಿ. ಆ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಲು ಅಭ್ಯಾಸ ಬೇಕು. ಡಿಸ್ಕೋದಲ್ಲಿ ಹಾಗಿಲ್ಲ. ಧಂ, ಧಂ, ಧಂ, ಧಂ. ನಾಲ್ಕು ಎಣಿಕೆಗೂ ದೊಡ್ಡ ಡ್ರಮ್ಮಿನ ಸಮನಾದ ಪೆಟ್ಟು. ನೀವು ಯಾವ ಪೆಟ್ಟಿಗೆ ಕಾಲು ಎತ್ತಿದರೂ ತಪ್ಪಾಗುವುದಿಲ್ಲ. ಕುಣಿಯಲು ಬಾರದವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೇನು ಬೇಕು ಹೇಳಿ.

ಆ ತಾಳದ ಮೇಲೆ ಸಿಂಥಸೈಜರ್. ಅದರಲ್ಲಿ ತಂತಿ ಇಲ್ಲ, ಚರ್ಮ ಇಲ್ಲ, ಕೊಳವೆ ಇಲ್ಲ. ವಿದ್ಯುತ್ತಿನ ಅಲೆಯನ್ನೇ ನಾದ ಮಾಡುವ ವಾದ್ಯ. ಒಂದು ಗುಂಡಿ ತಿರುಗಿಸಿದರೆ ದನಿ ಚೂಪಾಗುತ್ತದೆ, ಇನ್ನೊಂದು ತಿರುಗಿಸಿದರೆ ಮಂಕಾಗುತ್ತದೆ. 1982ರಲ್ಲಿ ನಮ್ಮ ಕಿವಿಗೆ ಅದು ಯಾವುದೋ ಬೇರೆ ಲೋಕದಿಂದ ಬಂದ ದನಿ. ವೀಣೆಯೋ ಪಿಟೀಲೋ ಆದರೆ ಕೇಳಿದ ಕೂಡಲೇ ಯಾರಾದರೂ ಹಿರಿಯರ ಮುಖ ನೆನಪಾಗುತ್ತಿತ್ತು. ಇದಕ್ಕೆ ಹಿಂದಿನ ನೆನಪೇ ಇರಲಿಲ್ಲ. ಹದಿನಾರು ಹದಿನೇಳರ ನಮಗೆ ಇದು ನಮ್ಮದೇ ವಾದ್ಯ ಅನ್ನಿಸಿಬಿಟ್ಟಿತು.

ಇಷ್ಟೇ ಆಗಿದ್ದರೆ ಆ ಆಲ್ಬಂ ಆ ಕಾಲದ ಎಷ್ಟೋ ಡಿಸ್ಕೋ ಹಾಡುಗಳ ಜೊತೆ ಹಳೆಯದಾಗಿ ಹೋಗುತ್ತಿತ್ತು. ಅದನ್ನು ಉಳಿಸಿದ್ದು ಆ ಹುಡುಗಿಯ ದನಿ. ಸ್ವಲ್ಪ ಮೂಗಿನಿಂದ ಬರುವ, ತೆಳುವಾದ, ಏನನ್ನೂ ಮೆರೆಸದ ದನಿ. ಸ್ವರಗಳನ್ನು ವೇಗವಾಗಿ ಓಡಿಸುವ ತಾನದ ಹತ್ತಿರವೂ ಅದು ಹೋಗುವುದಿಲ್ಲ. ದೊಡ್ಡ ಗಾಯಕಿಯರು ಹಾಡಿದಾಗ ನಾವು ಬೆರಗಾಗಿ ಕೇಳುತ್ತೇವೆ. ಜೊತೆಗೆ ಹಾಡಲು ನಾಲಿಗೆ ಏಳುವುದಿಲ್ಲ. ನಾಜಿಯಾ ಹಾಡಿದರೆ ಹಾಡು ತಾನಾಗಿಯೇ ಬಾಯಿಗೆ ಬರುತ್ತದೆ. ‘ಡಿಸ್ಕೋ ದೀವಾನೆ’ ಅನ್ನುವ ಹಾಡಿನಲ್ಲೇ ಬರುವ ‘ಆಹಾ, ಆಹಾ’ ನೆನಪಿದೆಯಲ್ವಾ? ಅದಕ್ಕೆ ಹಿಂದಿಯೂ ಬೇಡ, ಉರ್ದುವೂ ಬೇಡ. ನಮ್ಮ ಬೀದಿಯ ಐದು ವರ್ಷದ ಮಕ್ಕಳೂ ಹಾಡುತ್ತಿದ್ದವು.

ಅಮ್ಮ ಗಮಕ ಇಲ್ಲ ಅಂದದ್ದು ನಿಜ. ಆದರೆ ಗಮಕ ಇದ್ದಿದ್ದರೆ ಹುರುಳಿಕಾಯಿ ಸೋಸುವಾಗ ಅಮ್ಮ ಅದನ್ನು ಹಾಗೆ ಸುಮ್ನೆ ಗುನುಗುತ್ತಿದ್ದರಾ? ಕೀರ್ತನೆ ಬಾಯಿಗೆ ಬಂದರೆ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಕೀರ್ತನೆಗೆ ಕೊಡಬೇಕಾದ ಮರ್ಯಾದೆ ಅದು. ಈ ಹಾಡು ಅಂಥದ್ದೇನೂ ಕೇಳಲಿಲ್ಲ.

ಇನ್ನೊಂದು ಮಾತು. ಈ ಆಲ್ಬಂ ಬರೀ ಕುಣಿತವಲ್ಲ. ಮಧ್ಯೆ ಮಧ್ಯೆ ನಿಧಾನದ ಹಾಡುಗಳಿವೆ, ಮಸುಕಾದ ರಾತ್ರಿಯ ಬಗ್ಗೆ ಒಂದು, ಮನಸ್ಸಿನ ಬಗ್ಗೆ ಒಂದು. ಕುಣಿಸುವ ಹಾಡುಗಳಲ್ಲೂ ಒಳಗೆಲ್ಲೋ ಒಂದು ಸಣ್ಣ ನೋವಿನ ಎಳೆ ನನಗೆ ಕೇಳುತ್ತದೆ. ಕಾಲು ಕುಣಿಯುತ್ತಿರುತ್ತದೆ, ಎದೆಯಲ್ಲಿ ಏನೋ ಜುಂ ಅನ್ನುತ್ತದೆ. ಬರೀ ಸಕ್ಕರೆಯಾಗಿದ್ದರೆ ಬಾಯಿ ಬೇಗ ಕಟ್ಟಿಬಿಡುತ್ತಿತ್ತು. ಇದರಲ್ಲಿ ಬೆಲ್ಲದ ಜೊತೆ ಒಂದಿಷ್ಟು ಹುಣಿಸೆಯೂ ಇದೆ. ಅದಕ್ಕೇ ನಲವತ್ತು ವರ್ಷದ ಮೇಲೂ ನನಗೆ ಬೇಸರ ಬಂದಿಲ್ಲ.

ಭಾರತದಲ್ಲಿ ಇದನ್ನು ಹೊರತಂದದ್ದು ಎಚ್‌ಎಂವಿ ಕಂಪನಿ. ಪಾಕಿಸ್ತಾನದಲ್ಲೂ ಬಂತು. ಕರಾಚಿಯ ಮಕ್ಕಳು, ಬೆಂಗಳೂರಿನ ಸಂಗೀತಗಾರ, ಲಂಡನ್ನಿನ ಸ್ಟುಡಿಯೋ. ಗಡಿಯ ಎರಡೂ ಕಡೆಯ ಹುಡುಗ ಹುಡುಗಿಯರು ಒಂದೇ ಹಾಡಿಗೆ ಕುಣಿದರು. ನಾಜಿಯಾ, ಜೊಹೇಬ್, ಬಿದ್ದು ಮೂವರೂ ಸೇರಿ ಮುಂದೆ 1984ರಲ್ಲಿ ‘ಯಂಗ್ ತರಂಗ್’ ಮಾಡಿದರು. ಅದರ ಹಾಡುಗಳಿಗೆ ವಿಡಿಯೋಗಳನ್ನೂ ತೆಗೆದರು. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ನಿಮಗೆ ನೆನಪಿರಬಹುದು. ಅದೂ ಬಿದ್ದು ಅವರದೇ ಸಂಗೀತ.

ಕೆಲವು ವರ್ಷದ ಹಿಂದೆ ವಿರಾಜಪೇಟೆಯಲ್ಲಿ ಗೆಳೆಯನ ಮಗಳ ಮದುವೆಗೆ ಹೋಗಿದ್ದೆ. ಕೊಡವರ ಮದುವೆಯಲ್ಲಿ ವಾಲಗ ಶುರುವಾಯಿತು ಅಂದರೆ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಕುಪ್ಯ ತೊಟ್ಟ ಅಜ್ಜ, ಸೀರೆಯ ನೆರಿಗೆ ಹಿಂದಕ್ಕೆ ಕಟ್ಟಿದ ಅಜ್ಜಿ, ಕಾಲೇಜು ಹುಡುಗರು, ಎಲ್ಲರೂ ಕೈ ಎತ್ತಿ ಕುಣಿಯುತ್ತಾರೆ. ಕಲಿತು ಬಂದವರು ಯಾರೂ ಇಲ್ಲ, ನೋಡುತ್ತಾ ನಿಂತವರೂ ಇಲ್ಲ. ನನಗೆ ತಟ್ಟನೆ ಬಿದ್ದು ನೆನಪಾದರು. ಈ ಕುಣಿತವೇ ಅವರ ಸಂಗೀತಕ್ಕೆ ಬಂತು ಅಂತ ನಾನು ಹೇಳುತ್ತಿಲ್ಲ. ಅವತ್ತು ಆ ಗುಂಪಿನ ನಡುವೆ ಕುಣಿಯುತ್ತಿದ್ದಾಗ ನನಗೆ ಹಾಗೆ ಅನ್ನಿಸಿತು, ಅಷ್ಟೇ.

ಅದೇ ರಾತ್ರಿ ಡಿಜೆ ಬಂದ. 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದ ಡಿಸ್ಕೋ ಹಾಡು ಹಾಕಿದ. ಹಳೆಯ ಹಾಡನ್ನೇ ಹೊಸದಾಗಿ ಕಟ್ಟಿದ್ದು ಅದು. ತಾಳ ಬದಲಾಗಿದೆ, ಹೊಸ ಗಾಯಕರಿದ್ದಾರೆ. ಆದರೆ ನಾಜಿಯಾಳ ದನಿಯನ್ನೂ ಉಳಿಸಿಕೊಂಡಿದ್ದಾರೆ. ನಾಜಿಯಾ ಹಸನ್ ಶ್ವಾಸಕೋಶದ ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡದ್ದು 2000ದ ಆಗಸ್ಟ್ 13ರಂದು. ಆಗ ಅವರಿಗೆ ಬರೀ 35 ವರ್ಷ. ವಿರಾಜಪೇಟೆಯ ಆ ಅಂಗಳದಲ್ಲಿ ಕುಣಿಯುತ್ತಿದ್ದ ಎಷ್ಟೋ ಮಕ್ಕಳು ಆಗಿನ್ನೂ ಹುಟ್ಟಿರಲೇ ಇಲ್ಲ. ‘ಆಹಾ’ ಬಂದ ಕೂಡಲೇ ಅವರೆಲ್ಲ ಒಂದೇ ದನಿಯಲ್ಲಿ ಕೂಗಿದರು. ನಾನು ಒಂದು ಕುರ್ಚಿ ಎಳೆದುಕೊಂಡು ಅಮ್ಮನಿಗೆ ಫೋನ್ ಮಾಡಿದೆ. ಏನೂ ಹೇಳದೆ ಫೋನನ್ನು ಸ್ಪೀಕರಿನ ಕಡೆ ಹಿಡಿದೆ.

ಆ ಕಡೆಯಿಂದ ಅಮ್ಮ ಕೇಳಿದರು: “ಆ ಹುಡುಗಿ ಅಲ್ವೇನೋ?”

ನಮಸ್ಕಾರ.