ಪತ್ತನಾಜೆ ಮಳೆಗೆ ಹೊಸ ಆಫ್‌ರೋಡ್ ಗೇರ್: ಯಾವುದಕ್ಕೆ ದುಡ್ಡು ಹಾಕಬಹುದು?

[ದೃಶ್ಯ: ಹೆಬ್ರಿ ಹತ್ತಿರದ ತೋಟದ ದಾರಿ. ಮಳೆ. ಜಿಮ್ನಿ, ಹಿಂದೆ ಥಾರ್.]

ನಮಸ್ಕಾರ. ರೂಫ್ ಟೆಂಟ್, ರಿಕವರಿ ಬೋರ್ಡ್ (ಹೂತ ಚಕ್ರದ ಅಡಿಗೆ ಕೊಡುವ ಹಲಗೆ), ಕಾರ್ ಫ್ರಿಜ್ ಅಂತ ಹುಡುಕಿದರೆ ಸಿಗುವ ವಿಡಿಯೋಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾದ್ದು, ಇಲ್ಲಾಂದ್ರೆ ಲಡಾಖ್‌ದು. ಒಣ ಗಾಳಿ, ಒಣ ಮಣ್ಣು. ನಮ್ಮ ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಹೆಬ್ರಿಯಿಂದ ಘಾಟಿ ಹತ್ತಿದರೆ ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಇಲ್ಲಿ ಗೇರ್ ಕೆಡುವುದು ಕಲ್ಲಿಗೆ ಬಡಿದು ಅಲ್ಲ, ನೀರಿಗೆ. ಹಾಗಾಗಿ ಬೇಕಂತಲೇ ಮಳೆ ನೋಡಿಕೊಂಡು ಹೊರಟೆವು.

ಆರಿಸಿದ್ದು ಪತ್ತನಾಜೆ (ತುಳುನಾಡಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ, ಮೇ ಕೊನೆಗೆ. ನಮ್ಮಲ್ಲೊಬ್ಬ ಯಕ್ಷಗಾನದ ಹುಚ್ಚ. ಮೇಳಗಳ ತಿರುಗಾಟ ಮುಗಿಯದೆ ರಾತ್ರಿ ಹೊತ್ತು ಕೈಗೆ ಸಿಗುವ ಜನ ಅಲ್ಲ. ಜೊತೆಗೆ, ಜೂನ್ 1ಕ್ಕೆ ಟ್ರಾಲ್ ಬೋಟ್‌ಗಳು ನಿಲ್ಲುತ್ತವೆ. ಮಲ್ಪೆ ಬಂಗುಡೆ ಇಲ್ಲದೆ ಫ್ರಿಜ್ ಟೆಸ್ಟ್ ಮಾಡಿ ಎಂತ ಪ್ರಯೋಜನ?

ಜಾಗ ಗೆಳೆಯನ ದೊಡ್ಡಪ್ಪನ ಅಡಿಕೆ ತೋಟ. ಸೋಮೇಶ್ವರ ಅಭಯಾರಣ್ಯ ಅಲ್ಲೇ ಹತ್ತಿರ ಇದೆ, ನಿಜ. ಅನುಮತಿ ಇಲ್ಲದೆ ಅಲ್ಲಿ ಗಾಡಿ ನುಗ್ಗಿಸಿದರೆ ಕೇಸು ಬೀಳುತ್ತದೆ, ಬೀಳಬೇಕು ಕೂಡ.

[ದೃಶ್ಯ: ದಾರಿ ಬದಿಯ ದರೆ, ಹತ್ತಿರದಿಂದ. ಮೇಲೆ ಕೆಂಪು, ಕೆಳಗೆ ಬಿಳಿ.]

ಈ ದರೆ ನೋಡಿ. ಮೇಲಿರುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಅದರ ಅಡಿಯಲ್ಲಿ ಬಿಳಿ, ತಿಳಿ ಗುಲಾಬಿ ಬಣ್ಣದ್ದು ಶೇಡಿ ಮಣ್ಣು. ಒಣಗಿದಾಗ ಗಟ್ಟಿ. ನೀರು ಕುಡಿದರೆ ಅದರ ಶಕ್ತಿಯೆಲ್ಲ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ದರೆ ಕುಸಿಯುವುದರಲ್ಲಿ ಇದರ ಕೈವಾಡ ಜಾಸ್ತಿ. ಜಿಮ್ನಿ ಹೂತದ್ದೂ ಇದರಲ್ಲೇ.

ಮೊದಲು ಟಯರ್ ಗಾಳಿ ಇಳಿಸಿದೆವು. 30ರ ಆಸುಪಾಸು ಇದ್ದದ್ದನ್ನು 20 ಪಿಎಸ್‌ಐಗೆ ತಂದರೆ ಟಯರ್ ನೆಲಕ್ಕೆ ಉದ್ದಕ್ಕೆ ಕೂರುತ್ತದೆ, ಹಿಡಿತ ಸಿಗುತ್ತದೆ. ಮರಳಲ್ಲಾದರೆ ಇನ್ನೂ ಇಳಿಸುತ್ತಾರೆ. ಇಲ್ಲಿ ಬೇಡ. ಗಾಳಿ ಕಮ್ಮಿಯಾದಷ್ಟೂ ಟಯರ್‌ನ ಪಕ್ಕೆ ಉಬ್ಬುತ್ತದೆ, ಮುರಕಲ್ಲಿನ ಅಂಚು ಅದನ್ನೇ ಸೀಳುವುದು.

ಆಮೇಲೆ ರಿಕವರಿ ಬೋರ್ಡ್. ದೊಡ್ಡಪ್ಪ ಕೊಡೆ ಹಿಡಿದುಕೊಂಡು ನೋಡುತ್ತಾ ನಿಂತಿದ್ದರು. "ಎಂತಕ್ಕೆ ಮಾರಾಯ ಇದಕ್ಕೆ ಅಷ್ಟು ದುಡ್ಡು ಕೊಟ್ಟದ್ದು? ನಾಲ್ಕು ಸೋಗೆ ಹಾಕಿದ್ರೆ ಮೇಲೆ ಬರ್ತದೆ," ಅಂದರು. ಸರಿ, ಅದನ್ನೂ ನೋಡುವ ಅಂತ ಅಡಿಕೆ ಸೋಗೆ ಹಾಸಿದೆವು. ಜಿಮ್ನಿ ಆರಾಮಾಗಿ ಮೇಲೆ ಬಂತು! ದೊಡ್ಡಪ್ಪನ ಮುಖ ನೋಡಬೇಕಿತ್ತು. ಆದರೆ ಹಿಂದಿದ್ದ ಥಾರ್ ಬರುವಾಗ ಸೋಗೆ ಪುಡಿಪುಡಿಯಾಗಿ ಕೆಸರಲ್ಲಿ ಸೇರಿ ಹೋಗಿತ್ತು. ಅದು ನಿಂತಲ್ಲೇ ತಿರುಗಿತು.

[ದೃಶ್ಯ: ಬೋರ್ಡಿನ ಗುಬುಟು, ತುಂಬ ಹತ್ತಿರದಿಂದ.]

ನಮ್ಮ ಹತ್ತಿರ ಎರಡು ಜೋಡಿ ಬೋರ್ಡ್ ಇತ್ತು, ಒಂದು ಅಗ್ಗದ್ದು, ಒಂದು ಗಟ್ಟಿ ನೈಲಾನ್‌ದು. ಇದು ಅಗ್ಗದ್ದು. ಚಕ್ರ ಗಿರ್ರನೆ ತಿರುಗಿದ್ದೇ ತಡ, ಗುಬುಟುಗಳು ಬಿಸಿಗೆ ಕರಗಿ ಚಪ್ಪಟೆಯಾದವು. ಕಪ್ಪು ಗೆರೆ ಕಾಣ್ತಾ ಇದೆ ಅಲ್ವಾ? ಅದು ಟಯರ್ ರಬ್ಬರ್. ನೈಲಾನ್ ಬೋರ್ಡ್ ಕೂಡ ಚಕ್ರ ಹೀಗೆ ತಿರುಗಿದರೆ ಕರಗುತ್ತದೆ, ಸ್ವಲ್ಪ ನಿಧಾನಕ್ಕೆ ಅಷ್ಟೇ. ಆದ್ದರಿಂದ ಮೊದಲು ಚಕ್ರದ ಮುಂದಿನ ಕೆಸರು ತೋಡಿ. ಬೋರ್ಡಿನ ತುದಿ ಟಯರ್‌ಗೆ ತಾಗುವ ಹಾಗೆ ಒಳಗೆ ತುರುಕಿ. ಫೋರ್-ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜೋರು ಎಳೆತದ ಗೇರ್) ಹಾಕಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇರಲಿ. ಥಾರ್ ಹಾಗೆಯೇ ಹೊರಗೆ ಬಂತು.

ಹೂತ ಗಾಡಿಯನ್ನು ಇನ್ನೊಂದು ಗಾಡಿಯಿಂದ ಎಳೆಯುವ ಕೈನೆಟಿಕ್ ಹಗ್ಗ ಬಿಚ್ಚುವ ಪ್ರಮೇಯ ಬರಲಿಲ್ಲ. ಆದರೂ ಒಂದು ಮಾತು. ಇದು ನೈಲಾನ್, ಸುಮಾರು 30 ಶೇಕಡಾ ಹಿಗ್ಗಿ ಎಳೆಯುತ್ತದೆ. ಇದನ್ನು ಟೋ ಬಾಲ್‌ಗೆ (ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡು) ಸಿಕ್ಕಿಸಲೇಬೇಡಿ. ಅದು ಕಿತ್ತು ಬಂದು ಜೀವ ಹೋದ ಉದಾಹರಣೆಗಳಿವೆ. ಚಾಸಿಗೆ ಬಿಗಿದ ರಿಕವರಿ ಪಾಯಿಂಟ್‌ಗೇ ಹಾಕಿ.

[ದೃಶ್ಯ: ರಾತ್ರಿ. ಥಾರ್ ಮೇಲೆ ರೂಫ್ ಟೆಂಟ್, ಪಕ್ಕದಲ್ಲಿ ಆನಿಂಗ್.]

ರೂಫ್ ಟೆಂಟ್ ತೂಕ 50ರಿಂದ 70 ಕೆ.ಜಿ. ಕೊಳ್ಳುವ ಮೊದಲು ಗಾಡಿಯ ಮ್ಯಾನುಯಲ್ ನೋಡಿ. ಅದರಲ್ಲಿರುವುದು ಗಾಡಿ ಓಡುವಾಗ ರೂಫ್ ತಡೆಯುವ ಭಾರ. ನಿಂತ ಗಾಡಿ ಅದಕ್ಕಿಂತ ತುಂಬ ಜಾಸ್ತಿ ತಾಳುತ್ತದೆ, ಹಾಗಾಗಿ ಒಳಗೆ ಇಬ್ಬರು ಮಲಗುವುದು ಚಿಂತೆಯ ವಿಷಯ ಅಲ್ಲ. ಘಾಟಿ ತಿರುವಲ್ಲಿ ಆ ಭಾರ ಮೇಲಿರುವುದೇ ಚಿಂತೆ.

ಟೆಂಟ್ ಬಟ್ಟೆಗೆ 3,000 ಮಿಲಿಮೀಟರ್ ಅಂತ ಬರೆದಿರುತ್ತಾರೆ. ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೂ ಜಿನುಗುವುದಿಲ್ಲ ಅಂತ ಅರ್ಥ. ರಾತ್ರಿಯಿಡೀ ಹೊಡೆದ ಮಳೆಗೆ ನಮ್ಮ ಬಟ್ಟೆ ಸೋರಲಿಲ್ಲ. ಹೊಲಿಗೆಯೂ ಸೋರಲಿಲ್ಲ. ಆದರೂ ಬೆಳಿಗ್ಗೆ ಹಾಸಿಗೆ ಎತ್ತಿದರೆ ಅಡಿ ಒದ್ದೆ! ಅದು ಮಳೆ ನೀರಲ್ಲ, ನಮ್ಮದೇ ಉಸಿರಿನ ಹಬೆ. ಮಳೆಗೆ ಹೆದರಿ ಎಲ್ಲ ಕಿಟಕಿ ಮುಚ್ಚಿದರೆ ಆ ಹಬೆ ತಣ್ಣಗಿನ ಅಲ್ಯೂಮಿನಿಯಂ ತಳಕ್ಕೆ ತಾಗಿ ನೀರಾಗುತ್ತದೆ. ಹಾಸಿಗೆ ಕೆಳಗೆ ಗಾಳಿಯಾಡುವ ಜಾಲರಿ ಮ್ಯಾಟ್ ಹಾಕಿ, ಎದುರುಬದುರು ಕಿಟಕಿ ಸ್ವಲ್ಪ ತೆರೆದಿಡಿ. ಕರಾವಳಿಯಲ್ಲಿ ಟೆಂಟ್ ತಗೊಳ್ಳುವವರು ಮೊದಲು ನೋಡಬೇಕಾದ್ದು ಗಾಳಿ ಹೋಗುವ ದಾರಿ, ಬಟ್ಟೆಯ ನಂಬರ್ ಆಮೇಲೆ.

ಆನಿಂಗ್, ಅಂದರೆ ಗಾಡಿ ಪಕ್ಕಕ್ಕೆ ಬಿಡಿಸುವ ಬಟ್ಟೆ ಚಪ್ಪರದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಒಂದು ಕಾಲು ತಗ್ಗಿಸಿ ಕಟ್ಟಿ, ಇಲ್ಲದಿದ್ದರೆ ಮೇಲೆ ನೀರು ನಿಂತು ಕಂಬಿ ಬಾಗುತ್ತದೆ.

ಇನ್ನು ಫ್ರಿಜ್. ರಾತ್ರಿ ಕೆಂಪು ಲೈಟ್ ಮಿನುಗಿ ತಾನೇ ಆಫ್ ಆಯಿತು. ಬ್ಯಾಟರಿ ನೋಡಿದರೆ ಚೆನ್ನಾಗಿಯೇ ಇದೆ. ವಿಷಯ ಏನೆಂದರೆ, 45 ವ್ಯಾಟ್ ಫ್ರಿಜ್ 12 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್ ಹತ್ತಿರ ಎಳೆಯುತ್ತದೆ, ಕಂಪ್ರೆಸರ್ ಶುರುವಾಗುವಾಗ ಇನ್ನೂ ಜಾಸ್ತಿ. ಡಿಕ್ಕಿಯ ಸಾಕೆಟ್‌ಗೆ ಬರುವ ವಯರ್ ಸಪೂರ. ಆ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ, ಬ್ಯಾಟರಿ ಖಾಲಿಯಾಯಿತು ಅಂತ ಫ್ರಿಜ್ ನಿಲ್ಲುತ್ತದೆ. ಫ್ರಿಜ್‌ನ ಬ್ಯಾಟರಿ ಕಟ್-ಆಫ್ ಸೆಟ್ಟಿಂಗನ್ನು (ವೋಲ್ಟೇಜ್ ಎಷ್ಟಕ್ಕೆ ಇಳಿದರೆ ನಿಲ್ಲಬೇಕು ಅನ್ನುವುದು) ಹೈಯಿಂದ ಲೋಗೆ ಇಳಿಸಿದ್ದಕ್ಕೆ ಬೆಳಿಗ್ಗೆ ತನಕ ಓಡಿತು, ಬಂಗುಡೆಯೂ ಉಳಿಯಿತು. ಆದರೆ ಗಾಡಿಯ ಬ್ಯಾಟರಿ ಮೇಲೇ ಹೀಗೆ ಓಡಿಸಿದರೆ ಬೆಳಿಗ್ಗೆ ಸ್ಟಾರ್ಟ್ ಆಗದೆಯೂ ಇರಬಹುದು. ಬ್ಯಾಟರಿಯಿಂದ ನೇರ ದಪ್ಪ ವಯರ್ ಎಳೆಸಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಒಳ್ಳೆ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ದೊಡ್ಡ ಕೆಲಸ ಅಲ್ಲ.

ಮನೆಗೆ ಬಂದ ದಿನವೇ ಟೆಂಟ್ ಬಿಚ್ಚಿಡಿ. ಬಿಸಿಲು ಬರಲಿ ಅಂತ ಕಾದರೆ ಜೂನ್‌ನಲ್ಲಿ ಬೂಷ್ಟೇ ಗತಿ. ಗಾಡಿ ಪೋರ್ಟಿಕೋದಲ್ಲಿ ನಿಲ್ಲಿಸಿ, ಟೆಂಟ್ ಬಾಗಿಲಿಗೆ ಒಂದು ಟೇಬಲ್ ಫ್ಯಾನ್ ಇಟ್ಟು ರಾತ್ರಿ ಓಡಿಸಿದರೆ ಸಾಕು. ನಮ್ಮದು ಈಗಲೂ ಓಡ್ತಾ ಇದೆ.